ಮನೆ ನೋಡಿದ ಕಣ್ಣು ಯಾರದ್ದು?

ಕಳೆದ ತಿಂಗಳು ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಗಂಡ ಇನ್ನೂ ಸೈನ್ಯದಲ್ಲೇ ಇದ್ದಾರೆ, ಇಲ್ಲೇ ಟೆಕ್ಸಸ್‌ನ ಫೋರ್ಟ್ ಹುಡ್‌ನಲ್ಲಿ. ಮನೆ ನೋಡಿದ್ದಾರೆ, ರೇಟು ಮಾತಾಗಿದೆ, ಕಾಂಟ್ರಾಕ್ಟ್‌ಗೆ ಸಹಿಯೂ ಬಿದ್ದಿದೆ. ವಿಎ ಲೋನ್, ಅಂದರೆ ಮಾಜಿ ಸೈನಿಕರ ಇಲಾಖೆ ಜಾಮೀನು ನಿಲ್ಲುವ ಸಾಲ. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. ಅಡುಗೆಮನೆ ಎಷ್ಟು ದೊಡ್ಡದು, ಹಿತ್ತಲಲ್ಲಿ ಏನು ಗಿಡ ಹಾಕಬೇಕು, ಎಲ್ಲಾ ಹೇಳಿದಳು. ಫೋನ್ ಇಡುವ ಮುಂಚೆ ಕೇಳಿದಳು: "ಅಕ್ಕ, ಇನ್‌ಸ್ಪೆಕ್ಷನ್‌ಗೆ 500 ಡಾಲರ್ ಕೇಳ್ತಿದ್ದಾರೆ. ವಿಎ ಕಡೆಯವರು ಹೇಗೂ ಬಂದು ಮನೆ ನೋಡ್ತಾರಲ್ಲ? ಅವರು ಪಾಸ್ ಮಾಡಿದ್ರೆ ಸಾಕಲ್ವಾ?"

ನನಗೆ ತಕ್ಷಣ ಮಾತು ಹೊರಡಲಿಲ್ಲ. ಇದೇ ಮಾತನ್ನು 2022ರಲ್ಲಿ ನಾನೂ ಆಡಿದ್ದೆ. ಬೇರೆಯವರ ಬಾಯಿಂದ ಕೇಳಿದಾಗ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಅವಳಿಗೆ ಫೋನಿನಲ್ಲೇ ಒಂದಿಷ್ಟು ಹೇಳಿದೆ. ಆದರೆ ಹೇಳಬೇಕಾದದ್ದು ಇನ್ನೂ ತುಂಬಾ ಉಳಿದುಹೋಯಿತು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದ, ಮಾಡುತ್ತಿರುವ ಕನ್ನಡದ ಮನೆಗಳು ಕಡಿಮೆ ಇರಬಹುದು. ಆದರೂ ಇವೆ. ಅವರಲ್ಲಿ ಒಬ್ಬರಿಗಾದರೂ ಇದು ಸಮಯಕ್ಕೆ ಸಿಗಲಿ.

ನಮ್ಮನೆಯವರು ಗ್ರೀನ್ ಕಾರ್ಡ್ ಬಂದ ಮೇಲೆ ಸೈನ್ಯ ಸೇರಿದವರು. ಆರು ವರ್ಷ ವಾಹನ ರಿಪೇರಿ ವಿಭಾಗದಲ್ಲಿದ್ದರು. ಮೊಣಕಾಲು ಕೆಟ್ಟ ಮೇಲೆ ಹೊರಗೆ ಬಂದರು. ಬರುವಾಗ ಕೈಗೆ ಸಿಕ್ಕ ಕಾಗದಗಳಲ್ಲಿ ಡಿಡಿ 214 ಅನ್ನುವ ಫಾರಂ ಒಂದಿತ್ತು. ಅದನ್ನಿಟ್ಟುಕೊಂಡು ವಿಎಯಿಂದ ಅರ್ಹತಾ ಪತ್ರ ತೆಗೆಸಿದೆವು. ಆ ಪತ್ರದ ಬೆಲೆ ಏನು ಅಂತ ಮನೆ ಹುಡುಕಲು ಶುರುಮಾಡಿದ ಮೇಲೆ ಅರ್ಥವಾಯಿತು. ಕೈಯಿಂದ ಒಂದು ಡಾಲರ್ ಡೌನ್ ಪೇಮೆಂಟ್ ಇಲ್ಲದೆ ಮನೆ ತಗೊಳ್ಳಬಹುದು. ಬೇರೆ ಲೋನ್‌ಗಳಲ್ಲಿ ಕಡಿಮೆ ಡೌನ್ ಪೇಮೆಂಟ್ ಇದ್ದರೆ ತಿಂಗಳು ತಿಂಗಳು ಕಟ್ಟಿಸಿಕೊಳ್ಳುವ ಇನ್ಶೂರೆನ್ಸ್ ಇದರಲ್ಲಿಲ್ಲ. ಒಂದು ಸಲ ಫಂಡಿಂಗ್ ಫೀ ಕಟ್ಟಬೇಕು. ಆಗ ಅದು ಮೊದಲ ಸಲದವರಿಗೆ ಶೇಕಡಾ 2.3 ಇತ್ತು, 2023ರ ಏಪ್ರಿಲ್‌ನಿಂದ 2.15 ಆಗಿದೆ. ಸೇವೆಯಲ್ಲಿ ಆದ ಪೆಟ್ಟಿಗೆ ವಿಎಯಿಂದ ಪರಿಹಾರ ಪಡೆಯುವವರಿಗೆ ಅದೂ ಮಾಫಿ. ಇವರ ಮೊಣಕಾಲಿನಿಂದಾಗಿ ನಮಗೆ ಆರು ಸಾವಿರ ಡಾಲರ್ ಉಳಿಯಿತು. ಉಳಿಯಿತು ಅಂತ ಹೇಳುವಾಗಲೂ ಅವರು ಮೆಟ್ಟಿಲು ಹತ್ತುವ ರೀತಿ ಕಣ್ಣಮುಂದೆ ಬರುತ್ತದೆ.

ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲಾ ಗೊಂದಲ ಅಲ್ಲಿಂದಲೇ ಶುರು. ವಿಎ ಸಾಲ ಕೊಡುವುದಿಲ್ಲ. ಸಾಲ ಕೊಡುವುದು ಬ್ಯಾಂಕು ಅಥವಾ ಲೋನ್ ಕಂಪನಿ. ಸಾಲ ತಗೊಂಡವರು ಕಟ್ಟದೆ ಹೋದರೆ ಸಾಲದ ಒಂದು ಭಾಗವನ್ನು, ಸಾಮಾನ್ಯವಾಗಿ ಕಾಲು ಭಾಗವನ್ನು, ತಾನು ತುಂಬಿಕೊಡುತ್ತೇನೆ ಅಂತ ವಿಎ ಜಾಮೀನು ನಿಲ್ಲುತ್ತದೆ. ಜಾಮೀನು ನಿಂತವರು ಮನೆ ನೋಡಲು ಬಂದರೆ ಏನು ನೋಡುತ್ತಾರೆ? ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ನನ್ನ ಅಪ್ಪನಿಗೆ ಹೊಳೆಯಿತು.

ವಿಎ ಆಫರ್ ಬೇಡ ಅಂದವರು

2022ರ ವಸಂತದಲ್ಲಿ ಇಲ್ಲಿ ಮನೆ ಹುಡುಕಿದವರಿಗೆ ಆ ದಿನಗಳು ನೆನಪಿರುತ್ತವೆ. ಶುಕ್ರವಾರ ಮನೆ ಮಾರಾಟಕ್ಕೆ ಬಂದರೆ ಭಾನುವಾರ ಹೋಗಿಬಿಡುತ್ತಿತ್ತು. ಕೇಳಿದ ರೇಟಿಗಿಂತ ಮೇಲೆ ಕೊಡುವವರು, ನಗದು ಕೊಡುವವರು, ಇನ್‌ಸ್ಪೆಕ್ಷನ್ನೇ ಬೇಡ ಅನ್ನುವವರು ಸಾಲಾಗಿ ನಿಂತಿರುತ್ತಿದ್ದರು. ಬಡ್ಡಿ ಬೇರೆ ಜನವರಿಯಲ್ಲಿ ಶೇಕಡಾ 3ರ ಆಸುಪಾಸಿನಲ್ಲಿದ್ದದ್ದು ಜೂನ್ ಹೊತ್ತಿಗೆ 5 ದಾಟಿತ್ತು. ಒಂದೊಂದು ವಾರ ತಡವಾದರೂ ತಿಂಗಳ ಕಂತು ಏರುತ್ತಿತ್ತು.

ಅಂಥ ಹೊತ್ತಿನಲ್ಲಿ ನಮ್ಮ ಆಫರ್‌ಗಳು ಒಂದರ ಹಿಂದೆ ಒಂದು ವಾಪಸ್ ಬಂದವು. ನಾಲ್ಕನೆಯದು ವಾಪಸ್ ಬಂದಾಗ ನಮ್ಮ ಏಜೆಂಟ್ ಕಾರಣ ಬಿಡಿಸಿ ಹೇಳಿದರು. ಮಾರುವವರಿಗೆ ವಿಎ ಅಂದರೆ ಹೆದರಿಕೆ. ವಿಎ ಅಪ್ರೈಸರ್, ಅಂದರೆ ಮನೆಗೆ ಬೆಲೆ ಕಟ್ಟುವವರು, ಬಂದರೆ ಬಣ್ಣ ಎದ್ದಿದೆ, ಹಿಡಿಕಂಬಿ ಇಲ್ಲ, ಅದು ಸರಿಮಾಡಿ ಇದು ಸರಿಮಾಡಿ ಅಂತ ಪಟ್ಟಿ ಕೊಡುತ್ತಾರೆ. ನಗದಿನವರು ಹಾಗೇನೂ ಕೇಳುವುದಿಲ್ಲ.

ನನಗೆ ಆ ದಿನ ಬಹಳ ನೋವಾಯಿತು, ಇವತ್ತಿಗೂ ಇದೆ. ಈ ಊರು ಬದುಕಿರುವುದೇ ಸೈನ್ಯದಿಂದ. ಅಂಗಡಿ ಅಂಗಡಿಯಲ್ಲೂ ಸೈನಿಕರಿಗೆ ಧನ್ಯವಾದ ಅಂತ ಬೋರ್ಡ್ ಇರುತ್ತದೆ. ಅದೇ ಸೈನಿಕ ಮನೆ ಕೇಳಲು ಹೋದರೆ, ನಿಮ್ಮ ಲೋನ್ ಬೇಡ. ವಿಎ ಏನು ಕೇಳುತ್ತದೆ ಅಂತ ಕೂತು ಓದಿದರೆ ಅತಿ ಅನ್ನುವಂಥದ್ದು ಒಂದೂ ಇಲ್ಲ. ಮನೆ ಸುರಕ್ಷಿತವಾಗಿರಬೇಕು, ಗಟ್ಟಿಯಾಗಿರಬೇಕು, ಶುಚಿಯಾಗಿರಬೇಕು. ಮಾಡು ಸೋರಬಾರದು. ನಳ ಇರುವ ಜಾಗದಲ್ಲಿ ಕನಿಷ್ಠ 50 ಡಿಗ್ರಿ ಫ್ಯಾರನ್‌ಹೀಟ್ ಉಳಿಸುವಷ್ಟಾದರೂ ಹೀಟಿಂಗ್ ಬೇಕು. 1978ಕ್ಕಿಂತ ಮುಂಚೆ ಕಟ್ಟಿದ ಮನೆಯಾದರೆ ಬಣ್ಣದಲ್ಲಿ ಸೀಸ ಇದ್ದೇ ಇರುತ್ತದೆ ಅಂತಲೇ ಲೆಕ್ಕ, ಅದು ಎದ್ದು ಉದುರುತ್ತಿದ್ದರೆ ಕೆರೆದು ತೆಗೆದು ಹೊಸ ಬಣ್ಣ ಹೊಡೆಯಬೇಕು. ಗೆದ್ದಲು ಜಾಸ್ತಿ ಇರುವ ರಾಜ್ಯಗಳಲ್ಲಿ ಗೆದ್ದಲಿನ ತಪಾಸಣೆ ಆಗಬೇಕು. ತೆವಳುವ ಮಗು ಇರುವ ಮನೆಯಲ್ಲಿ ಕಿಟಕಿಯ ಸೀಸದ ಬಣ್ಣ ಉದುರಬಾರದು ಅನ್ನುವುದು ಕಿರಿಕಿರಿಯ ಮಾತಾ?

ಗೆದ್ದಲಿನ ವಿಷಯ ಬಂತಲ್ಲ, ಒಂದು ಮಾತು. ಆ ತಪಾಸಣೆಯ ಖರ್ಚನ್ನು ಸೈನಿಕರ ಮೇಲೆ ಹಾಕಬಾರದು ಅನ್ನುವುದು ಹೆಚ್ಚಿನ ಕಡೆ ಇದ್ದ ನಿಯಮ. ಕೊಳ್ಳುವವರ ಒಳ್ಳೆಯದಕ್ಕೇ ಮಾಡಿದ್ದು. ಆದರೆ ಆ ಖರ್ಚು ಮಾರುವವರ ತಲೆಗೆ ಬರುತ್ತಿತ್ತು, ಅವರು ವಿಎ ಆಫರ್ ಅಂದರೆ ಮುಖ ತಿರುಗಿಸಲು ಅದೂ ಒಂದು ಕಾರಣವಾಯಿತು. ಕೊನೆಗೆ 2022ರ ಜೂನ್‌ನಲ್ಲಿ ವಿಎ ಆ ನಿಯಮ ಬದಲಿಸಿ, ಕೊಳ್ಳುವವರೂ ಕೊಡಬಹುದು ಅಂದಿತು. ಕಾಪಾಡಲು ಹಾಕಿದ ಬೇಲಿಯೇ ದಾರಿಗೆ ಅಡ್ಡವಾಗುವುದು ಹೀಗೆ.

ಮೇ ತಿಂಗಳಲ್ಲಿ ಒಂದು ಮನೆ ಸಿಕ್ಕಿತು. ಟೆಂಪಲ್ ಊರಿನ ಪೂರ್ವಕ್ಕೆ, 1974ರಲ್ಲಿ ಕಟ್ಟಿದ್ದು. ಇಟ್ಟಿಗೆಯ ಮನೆ, ಮುಂದೆ ದೊಡ್ಡ ಓಕ್ ಮರ, ಮೂರು ಬೆಡ್‌ರೂಮ್. ಇಲ್ಲಿ ಆಫರ್ ಗಟ್ಟಿಯಾಗಬೇಕಾದರೆ ಆಪ್ಷನ್ ಪೀರಿಯಡ್ ಬಿಟ್ಟುಕೊಡಿ ಅಂತ ಏಜೆಂಟ್ ಹೇಳಿದರು. ಟೆಕ್ಸಸ್‌ನಲ್ಲಿ ಮನೆ ಕೊಂಡವರಿಗೆ ಇದು ಗೊತ್ತಿರುತ್ತದೆ. ಸ್ವಲ್ಪ ಹಣ ಕೊಟ್ಟು ಏಳೋ ಹತ್ತೋ ದಿನ ತಗೊಳ್ಳುತ್ತೇವೆ, ಆ ದಿನಗಳಲ್ಲಿ ಯಾವ ಕಾರಣಕ್ಕಾದರೂ ಬೇಡ ಅನ್ನಬಹುದು, ಮುಂಗಡ ವಾಪಸ್ ಬರುತ್ತದೆ. ಇನ್‌ಸ್ಪೆಕ್ಷನ್ ಮಾಡಿಸುವುದು ಆ ದಿನಗಳಲ್ಲೇ. "ವಿಎ ಅಪ್ರೈಸರ್ ಹೇಗೂ ನೋಡ್ತಾರೆ, ಅವರು ತುಂಬಾ ಸ್ಟ್ರಿಕ್ಟ್" ಅಂದರು ಏಜೆಂಟ್. ನಮಗೂ ಹೌದು ಅನ್ನಿಸಿತು. ನಾಲ್ಕು ಸಲ ಸೋತಿದ್ದೆವು. ಎರಡೂವರೆ ಸಾವಿರ ಡಾಲರ್ ಮುಂಗಡ ಕೊಟ್ಟು, ಆಪ್ಷನ್ ಇಲ್ಲದೆ ಸಹಿ ಹಾಕಿದೆವು.

ಅಪ್ರೈಸರ್ ಬಂದದ್ದು ಮೇ ಮಧ್ಯದಲ್ಲಿ. ವಿಎ ಅಪ್ರೈಸರ್‌ನನ್ನು ನಾವೂ ಆರಿಸುವ ಹಾಗಿಲ್ಲ, ಬ್ಯಾಂಕೂ ಆರಿಸುವ ಹಾಗಿಲ್ಲ. ಲೋನ್ ಕಂಪನಿ ಕೋರಿಕೆ ಹಾಕಿದರೆ ವಿಎ ತನ್ನ ಪಟ್ಟಿಯಲ್ಲಿ ಯಾರ ಸರದಿ ಇದೆಯೋ ಅವರನ್ನು ಕಳಿಸುತ್ತದೆ. ಇದು ಒಳ್ಳೆಯ ಪದ್ಧತಿ. ಬಂದವರು ಟೇಪ್ ಹಿಡಿದು ಅಳೆದರು, ಒಳಗೆ ಹೊರಗೆ ಫೋಟೋ ತೆಗೆದರು, ಮುಕ್ಕಾಲು ಗಂಟೆಯಲ್ಲಿ ಹೊರಟರು. ಹತ್ತು ದಿನಕ್ಕೆ ಬೆಲೆಯ ಪತ್ರ ಬಂತು. ನಾವು ಒಪ್ಪಿದ ರೇಟು ಸರಿ ಇದೆ. ಹಿಂದಿನ ಸೂರಿನಂಚಿನಲ್ಲಿ ಎದ್ದ ಬಣ್ಣ ಕೆರೆದು ಹೊಸದು ಹೊಡೆಯಬೇಕು, ಅಷ್ಟೇ. ಮಾರುವವರು ಎರಡು ದಿನದಲ್ಲಿ ಹೊಡೆಸಿದರು. ಆ ಸಂಜೆ ನಾನು ಹೋಳಿಗೆ ಮಾಡಿದೆ. ವಿಎ ಪಾಸ್ ಆಯ್ತು ಅಂತ ಊರಿಗೆಲ್ಲಾ ಫೋನ್ ಮಾಡಿ ಹೇಳಿದೆ.

ಅಪ್ಪ ಮತ್ತು ಎರೆಮಣ್ಣು

ಜೂನ್ ಎರಡನೇ ವಾರ ಅಪ್ಪ ಬಂದರು. ನರಗುಂದದ ಹತ್ತಿರದ ಹಳ್ಳಿಯಿಂದ ಅವರು ಇಷ್ಟು ದೂರ ಬಂದದ್ದು ಅದೇ ಮೊದಲು. ವಿಮಾನ ನಿಲ್ದಾಣದಿಂದ ಬರುವಾಗ ಕಾರಿನ ಕಿಟಕಿಗೆ ಮುಖ ಹಚ್ಚಿ ಕೂತಿದ್ದರು. ಟೆಂಪಲ್ ಹತ್ತಿರ ಬಂದಾಗ ನೆಟ್ಟಗೆ ಕೂತರು. ರಸ್ತೆಯ ಪಕ್ಕ ಜೋಳದ ಹೊಲ. ಕೆಂಪು ತೆನೆ. ಅದರಾಚೆ ಗೋವಿನಜೋಳ, ಅದರಾಚೆ ಹತ್ತಿ. "ನಮ್ಮ ಹೊಲಾನ ಅದಾವಲ್ಲವ್ವಾ ಇವು" ಅಂದರು.

ನಿಜವಾಗಿಯೂ ನಮ್ಮ ಹೊಲದಂಥವೇ. ಮಧ್ಯ ಟೆಕ್ಸಸ್‌ನಲ್ಲಿ 35ನೇ ಹೆದ್ದಾರಿ ಹೆಚ್ಚುಕಡಿಮೆ ಒಂದು ಗೆರೆಯ ಹಾಗೆ ಹೋಗುತ್ತದೆ. ಅದರ ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡ, ಪೂರ್ವಕ್ಕೆ ಕಪ್ಪು ಮಣ್ಣಿನ ಬಯಲು. ಆ ಮಣ್ಣಿಗೆ ಹೂಸ್ಟನ್ ಬ್ಲ್ಯಾಕ್ ಅಂತ ಹೆಸರು, ಟೆಕ್ಸಸ್‌ನ ರಾಜ್ಯದ ಮಣ್ಣು ಅಂತಲೇ ಅದನ್ನು ಕರೆಯುತ್ತಾರೆ. ಟೆಂಪಲ್‌ನಲ್ಲಿ ಆ ಮಣ್ಣಿನ ಮೇಲೆ ಕೆಲಸ ಮಾಡುವ ಸಂಶೋಧನಾ ಕೇಂದ್ರವೂ ಇದೆ. ನರಗುಂದ, ನವಲಗುಂದದ ಎರೆಯೂ ಇದೂ ಒಂದೇ ಜಾತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ.

ಮರುದಿನ ಅವರಿಗೆ ಹೊಸ ಮನೆ ತೋರಿಸಲು ಕರೆದುಕೊಂಡು ಹೋದೆವು. ಕ್ಲೋಸಿಂಗ್‌ಗೆ, ಅಂದರೆ ಮನೆ ನಮ್ಮ ಹೆಸರಿಗೆ ಆಗಲು, ಇನ್ನು ಹನ್ನೆರಡು ದಿನ ಇತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು. ಮೇ ತಿಂಗಳಲ್ಲಿ ಹಸಿರಿದ್ದ ಹುಲ್ಲು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಅಡುಗೆಮನೆ ತೋರಿಸೋಣ ಅಂತ ಬಾಗಿಲ ಕಡೆ ನಡೆದರೆ ಅಪ್ಪ ಹಿಂದೆ ಬರಲೇ ಇಲ್ಲ. ಓಕ್ ಮರದ ಪಕ್ಕ, ಗೋಡೆಯ ಮೂಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ನೆಲಕ್ಕೂ ಕಾಂಕ್ರೀಟಿಗೂ ನಡುವೆ ಮಣ್ಣು ಬಿಟ್ಟುಕೊಂಡಿತ್ತು. ಅಪ್ಪ ಅದರೊಳಗೆ ಅಂಗೈ ಇಳಿಸಿದರು. ಮಣಿಕಟ್ಟಿನ ತನಕ ಹೋಯಿತು. ಆಮೇಲೆ ಒಂದು ಒಣ ಕಡ್ಡಿ ತಗೊಂಡು ಇಳಿಸಿದರು. ಕಡ್ಡಿ ಪೂರ್ತಿ ಇಳಿಯಿತು. ಮೇಲೆ ತೆಗೆದು, ಅದಕ್ಕೆ ಹತ್ತಿದ ಮಣ್ಣನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು.

"ತಂಗಿ, ಇದು ಎರಿ ಐತಿ. ಪಾಯಾ ಎಷ್ಟ ಆಳ ಹೋಗ್ಯಾರ?"

"ಪಾಯಾ ಅಂತ ಆಳ ಹೋಗಂಗಿಲ್ಲಪ್ಪಾ ಇಲ್ಲೆ. ನೆಲದ ಮ್ಯಾಲ ಸ್ಲ್ಯಾಬ್ ಹಾಕಿ ಮನಿ ಕಟ್ಟತಾರ."

ಅಪ್ಪ ಏನೂ ಅನ್ನಲಿಲ್ಲ. ಎದ್ದು ಮನೆಯ ಸುತ್ತ ಒಂದು ಸುತ್ತು ಬಂದರು. ಹಿಂದಿನ ಗೋಡೆಯ ಮುಂದೆ ನಿಂತು ಬೆರಳು ಮಾಡಿದರು. ಕಿಟಕಿಯ ಕೆಳಮೂಲೆಯಿಂದ ನೆಲದ ತನಕ ಇಟ್ಟಿಗೆಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಗೆರೆ ಇಳಿದಿತ್ತು. ಗೆರೆಯ ಉದ್ದಕ್ಕೂ ಸಿಮೆಂಟಿನ ಬಣ್ಣ ಬೇರೆ, ಸ್ವಲ್ಪ ಬಿಳಿ. ಯಾರೋ ಮುಚ್ಚಿದ್ದಾರೆ. ಮುಚ್ಚಿದ ಮೇಲೆ ಮತ್ತೆ ಕೂದಲೆಳೆಯಷ್ಟು ಬಿಟ್ಟಿದೆ. ಆ ಗೋಡೆಯ ಮುಂದೆ ನಾನು ನಾಲ್ಕು ಸಲ ನಿಂತಿದ್ದೆ. ಅಲ್ಲಿ ಕರಿಬೇವಿನ ಕುಂಡ ಇಡಬೇಕು ಅಂತ ಯೋಚಿಸಿದ್ದೆ. ಗೆರೆ ಕಂಡಿರಲಿಲ್ಲ.

"ಬ್ಯಾಸಗ್ಯಾಗ ಬಾಯಿ ತಗಿತೈತಿ, ಮಳಿ ಬಿದ್ರ ಉಬ್ಬತೈತಿ. ಮ್ಯಾಲ ಕುಂತ ಮನಿ ಹ್ಯಾಂಗ ನೆಟ್ಟಗ ಕುಂತೀತು?" ಅಂದರು. ಆಮೇಲೆ ಕೇಳಿದರು: "ಮನಿ ನೋಡಾಕ ಯಾರ್ನ ಕರಸಿದ್ರಿ?"

"ಸರ್ಕಾರದ ಕಡೆಯವ್ರು ಬಂದಿದ್ರಪ್ಪಾ. ಸಾಲಕ್ಕ."

"ಹಂಗಾರ ಅವ್ರು ಸಾಲಾ ನೋಡಾಕ ಬಂದಿದ್ರು. ಮನಿ ನೋಡಾಕ ಯಾರ್ ಬಂದಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹಳ್ಳಿಯಲ್ಲಿ ಮನೆ ಕಟ್ಟುವಾಗ ಎರೆಯನ್ನು ಆಳಕ್ಕೆ ತೋಡಿ ತೆಗೆದು, ಗಟ್ಟಿ ನೆಲ ಸಿಗುವ ತನಕ ಹೋಗಿ, ಗರಸು ತುಂಬಿಸಿ, ನೀರು ಬಿಟ್ಟು ಕೂರಿಸಿ, ಆಮೇಲೆ ಕಲ್ಲು ಇಡುತ್ತಾರೆ. ಗೌಂಡಿ ಯಾರು ಅನ್ನುವುದಕ್ಕಿಂತ ಮುಂಚೆ ಮಣ್ಣು ಯಾವುದು ಅಂತ ಕೇಳುತ್ತಾರೆ. ಆ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಇಲ್ಲಿ ಗ್ರಾನೈಟ್ ಕಟ್ಟೆ ನೋಡಿ ಸಹಿ ಹಾಕಿದ್ದೆ.

ಊರಲ್ಲಾದರೂ ಹೀಗೇ ಅಲ್ವಾ? ಬ್ಯಾಂಕಿನಿಂದ ಗೃಹಸಾಲ ತಗೊಳ್ಳುವಾಗ ಅವರ ಪ್ಯಾನೆಲ್ ವಕೀಲರು ಕಾಗದ ನೋಡುತ್ತಾರೆ, ಅವರ ವ್ಯಾಲ್ಯೂಯರ್ ಬಂದು ಬೆಲೆ ಕಟ್ಟುತ್ತಾರೆ. ಬ್ಯಾಂಕೇ ಲೋನ್ ಕೊಟ್ಟಿದೆ, ಇನ್ನೇನು ತೊಂದರೆ ಅಂತ ಜನ ನಿಶ್ಚಿಂತೆಯಿಂದ ಇರುತ್ತಾರೆ. ಫೀಸು ನಮ್ಮ ಕೈಯಿಂದ ಹೋಗುತ್ತದೆ. ವರದಿ ಮಾತ್ರ ಬ್ಯಾಂಕಿಗಾಗಿ ಬರೆದದ್ದು.

ಆ ವಾರವೇ ಇನ್‌ಸ್ಪೆಕ್ಟರ್ ಒಬ್ಬರನ್ನು ಕರೆಸಿದೆವು. ಮೂರೂವರೆ ಗಂಟೆ ಇದ್ದರು. ಬೆಡ್‌ರೂಮಿನ ಬಾಗಿಲು ಚೌಕಟ್ಟಿಗೆ ತಾಗುತ್ತಿದೆ, ಮೇಲಿನ ಸಂದು ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದು ಅಂತ ಟಾರ್ಚ್ ಹಿಡಿದು ತೋರಿಸಿದರು. ಓಕ್ ಮರ ಗೋಡೆಗೆ ತೀರಾ ಹತ್ತಿರ ಇದೆ, ಬೇಸಿಗೆಯಲ್ಲಿ ಬುಡದ ನೀರನ್ನೆಲ್ಲಾ ಅದೇ ಎಳೆಯುತ್ತದೆ, ಆ ಮೂಲೆ ಜಾಸ್ತಿ ಕುಗ್ಗಿದೆ ಅಂದರು. ಅಡಿಪಾಯಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು ಅಂತ ಬರೆದರು. ಎಂಜಿನಿಯರ್ ಬಂದು ಮಟ್ಟ ನೋಡಿದರು. ಮನೆಯ ಒಂದು ತುದಿಗೂ ಇನ್ನೊಂದು ತುದಿಗೂ ಎರಡು ಇಂಚಿಗಿಂತ ಜಾಸ್ತಿ ವ್ಯತ್ಯಾಸ. ಸ್ಲ್ಯಾಬಿನ ಅಂಚಿನ ಕೆಳಗೆ 14 ಕಡೆ ಕಂಬ ಇಳಿಸಿ ಎತ್ತಬೇಕು. ಎತ್ತುವಾಗ ಕೆಳಗಿನ ಚರಂಡಿ ಪೈಪು ಒಡೆದರೆ ಅದರ ಖರ್ಚು ಬೇರೆ.

ಮಾರುವವರಿಗೆ ವರದಿ ಕಳಿಸಿದೆವು. ಒಂದೇ ಸಾಲಿನ ಉತ್ತರ ಬಂತು. ವಿಎ ಅಪ್ರೈಸರ್ ನೋಡಿ ಒಪ್ಪಿದ್ದಾರಲ್ಲ, ನಾವು ಇನ್ನೇನೂ ಮಾಡುವುದಿಲ್ಲ.

ನಾನು ಹೋಳಿಗೆ ಮಾಡಿ ಸಂಭ್ರಮಿಸಿದ ಅದೇ ಪತ್ರ, ಈಗ ನಮ್ಮ ಮುಂದೆಯೇ ಸಾಕ್ಷಿಯಾಗಿ ಬಂದು ನಿಂತಿತ್ತು. ಎರಡು ರಾತ್ರಿ ಕೂತು ಮಾತಾಡಿದೆವು. ವಿಎ ಲೋನ್‌ನ ಕಾಂಟ್ರಾಕ್ಟ್‌ನಲ್ಲಿ ಒಂದು ರಕ್ಷಣೆ ಇದೆ. ಅಪ್ರೈಸರ್ ಕಟ್ಟಿದ ಬೆಲೆಗಿಂತ ಒಪ್ಪಿದ ರೇಟು ಜಾಸ್ತಿಯಾದರೆ ಕೊಳ್ಳುವವರು ಮುಂಗಡ ಕಳೆದುಕೊಳ್ಳದೆ ಹಿಂದೆ ಸರಿಯಬಹುದು. ಆದರೆ ಅದು ಬೆಲೆಗೆ ಮಾತ್ರ. ಪಾಯ ಕುಸಿದಿದೆ ಅನ್ನುವುದಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಇದ್ದದ್ದು ಆಪ್ಷನ್ ಪೀರಿಯಡ್. ಅದನ್ನು ನಾವೇ ಬಿಟ್ಟುಕೊಟ್ಟಿದ್ದೆವು. ಮನೆ ಬಿಟ್ಟೆವು. ಎರಡೂವರೆ ಸಾವಿರ ಡಾಲರ್ ಹೋಯಿತು. ಇವರು ತಿಂಗಳುಗಟ್ಟಲೆ ವಾರಾಂತ್ಯ ಕೆಲಸ ಮಾಡಿ ಕೂಡಿಸಿದ ಹಣ ಅದು.

ಅಪ್ರೈಸರ್ ತಪ್ಪು ಮಾಡಿದರಾ?

ಆಗ ಸಿಟ್ಟು ಬಂದಿತ್ತು. ಮುಕ್ಕಾಲು ಗಂಟೆಯಲ್ಲಿ ಏನು ಕಾಣುತ್ತದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಅನ್ನಿಸುವುದಿಲ್ಲ. ಅವರು ಬಂದದ್ದು ಮೇ ತಿಂಗಳಲ್ಲಿ. ಮಣ್ಣಿನಲ್ಲಿ ಇನ್ನೂ ಹಸಿ ಇತ್ತು, ಬಿರುಕು ಮುಚ್ಚಿಕೊಂಡಿತ್ತು, ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿತ್ತು. ಅವರ ಕೆಲಸ ಎರಡು. ಈ ಮನೆಗೆ ಇವತ್ತಿನ ಮಾರ್ಕೆಟ್ಟಿನಲ್ಲಿ ಇಷ್ಟು ಬೆಲೆ ಬಾಳುತ್ತದಾ ಅಂತ ಅಕ್ಕಪಕ್ಕ ಮಾರಾಟವಾದ ಮನೆಗಳ ಜತೆ ಹೋಲಿಸಿ ಹೇಳುವುದು. ವಿಎ ಕೇಳುವ ಕನಿಷ್ಠ ಮಟ್ಟ ಇದೆಯಾ ಅಂತ ಮೇಲ್ನೋಟಕ್ಕೆ ಕಂಡಷ್ಟು ಹೇಳುವುದು. ಅವರು ಓವನ್ ಹಚ್ಚಿ ನೋಡುವುದಿಲ್ಲ, ನಳ ಬಿಟ್ಟು ಹತ್ತು ನಿಮಿಷ ಕಾಯುವುದಿಲ್ಲ, ಎಲೆಕ್ಟ್ರಿಕ್ ಪ್ಯಾನೆಲ್ ಬಿಚ್ಚುವುದಿಲ್ಲ. ಅಪ್ರೈಸಲ್ ಅಂದರೆ ಇನ್‌ಸ್ಪೆಕ್ಷನ್ ಅಲ್ಲ, ಇನ್‌ಸ್ಪೆಕ್ಷನ್ ಬೇರೆಯಾಗಿ ಮಾಡಿಸಿಕೊಳ್ಳಿ ಅಂತ ವಿಎ ತಾನೇ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಕಾಗದಗಳಲ್ಲೂ ಆ ಮಾತು ಇತ್ತು. ಕಾಗದದ ಕಟ್ಟಿನಲ್ಲಿ ಎಲ್ಲೋ ನಡುವೆ.

ಕಾಗದದಲ್ಲಿ ಇದ್ದರೆ ಸಾಲದು ಅನ್ನುವುದು ನನ್ನ ತಕರಾರು. ಸೈನ್ಯದಿಂದ ಬಂದವರಿಗೆ ಒಂದು ಅಭ್ಯಾಸ ಇರುತ್ತದೆ. ತಮ್ಮ ಸಂಸ್ಥೆ ಪರೀಕ್ಷಿಸಿ ಕೊಟ್ಟದ್ದನ್ನು ನಂಬುವುದು. ಪ್ಯಾರಾಚೂಟ್ ಮಡಿಸಿದವರನ್ನು ನಂಬದಿದ್ದರೆ ಹಾರುವುದು ಹೇಗೆ? ನಮ್ಮನೆಯವರು ವಿಎ ಅನ್ನುವ ಎರಡು ಅಕ್ಷರವನ್ನು ಹಾಗೆಯೇ ನಂಬಿದ್ದರು. ಆ ನಂಬಿಕೆ ಇರುವವರಿಗೆ ಮೊದಲ ದಿನವೇ, ಬಾಯಿ ಮಾತಿನಲ್ಲೇ ಯಾರಾದರೂ ಹೇಳಬೇಕು: ಇವರು ಜಾಮೀನಿನ ಲೆಕ್ಕಕ್ಕೆ ಮನೆ ನೋಡುತ್ತಾರೆ, ನಿಮ್ಮ ಪರವಾಗಿ ನೋಡುವವರು ಬೇರೆ, ಅವರನ್ನು ನೀವೇ ಕರೆಸಬೇಕು. ನಮಗೆ ಏಜೆಂಟ್ ಹೇಳಲಿಲ್ಲ, ಲೋನ್ ಆಫೀಸರ್ ಹೇಳಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಬಿಡಲಾರೆ. ಈ ಸೌಲಭ್ಯ ಶುರುವಾದದ್ದು 1944ರ ಜಿಐ ಬಿಲ್ ಅನ್ನುವ ಸೈನಿಕರ ಕಾನೂನಿನಿಂದ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ. ಜಾಮೀನು ಸರ್ಕಾರದ್ದು, ಸಾಲ ಮಾತ್ರ ಊರಿನ ಬ್ಯಾಂಕಿನದು. ಬ್ಯಾಂಕು ಬೇಡ ಅಂದರೆ ಜಾಮೀನು ಇದ್ದೂ ಇಲ್ಲದ ಹಾಗೆ. 1947ರಲ್ಲಿ ಮಿಸಿಸಿಪಿಯ 13 ಊರುಗಳಲ್ಲಿ ಹೀಗೆ ಜಾಮೀನು ಸಿಕ್ಕ ಸಾಲಗಳು 3,200ಕ್ಕೂ ಹೆಚ್ಚು. ಅದರಲ್ಲಿ ಕಪ್ಪು ಸೈನಿಕರಿಗೆ ಸಿಕ್ಕದ್ದು ಎರಡೇ ಎರಡು. ಒಂದೇ ಯುದ್ಧ, ಒಂದೇ ಸಮವಸ್ತ್ರ. ಈ ಲೆಕ್ಕ ಓದಿದ ದಿನ ನಮ್ಮ ನಾಲ್ಕು ಆಫರ್ ವಾಪಸ್ ಬಂದದ್ದನ್ನು ಅದರ ಪಕ್ಕ ಇಡಲು ನನಗೆ ಮನಸ್ಸು ಬರಲಿಲ್ಲ.

ಎರಡನೇ ಮನೆ

ಎರಡನೇ ಸಲ ಹೆದ್ದಾರಿಯ ಪಶ್ಚಿಮಕ್ಕೇ ಹುಡುಕಿದೆವು. ಬೆಲ್ಟನ್ ಕಡೆ, ಸುಣ್ಣಕಲ್ಲಿನ ನೆಲ. ಅಷ್ಟರಲ್ಲಿ ಬಡ್ಡಿ ಏರಿ ಮಾರ್ಕೆಟ್ ತಣ್ಣಗಾಗುತ್ತಿತ್ತು, ವಿಎ ಅಂದರೆ ಮೂಗು ಮುರಿಯುವವರು ಕಡಿಮೆಯಾಗಿದ್ದರು. ಬೇರೆ ಏಜೆಂಟ್. ಹತ್ತು ದಿನ ಆಪ್ಷನ್. ಮೂರನೇ ದಿನವೇ ಇನ್‌ಸ್ಪೆಕ್ಷನ್. ಅದೇ ಹಳೇ ಇನ್‌ಸ್ಪೆಕ್ಟರ್. ಅಪ್ಪ ಬೆಳಿಗ್ಗೆ ಆರಕ್ಕೇ ತಯಾರಾಗಿ ಕೂತಿದ್ದರು.

ಆ ದಿನ ನಾನು ಮೊದಲ ಸಲ ಅಟ್ಟ ಹತ್ತಿದೆ. ಜುಲೈ ಬಿಸಿಲು. ಏಣಿಯ ತುದಿಯಲ್ಲಿ ತಲೆ ತೂರಿಸಿದರೆ ಮುಖಕ್ಕೆ ಬೆಂಕಿ ಬಡಿದ ಹಾಗಾಯಿತು. ಇನ್‌ಸ್ಪೆಕ್ಟರ್ ಮಂಡಿಯೂರಿ ಮರದ ತೊಲೆ ಮೇಲೆ ಕೂತಿದ್ದರು. ಹತ್ತಿಯಂಥ ಇನ್ಸುಲೇಷನ್ ಬದಿಗೆ ಸರಿಸಿ ಒಂದು ತಾಮ್ರದ ಪೈಪು ತೋರಿಸಿದರು. ಹಳೇ ಪೈಪಿನ ನಡುವೆ ಒಂದು ಗೇಣಿನಷ್ಟು ಹೊಸದು, ಹೊಳೆಯುತ್ತಿತ್ತು. ಅದರ ಕೆಳಗಿನ ಹಲಗೆಯ ಮೇಲೆ ಕಂದು ಕಲೆ, ದೊಡ್ಡದು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಸ್ ತುಂಬಾ ಕರೆಂಟ್ ಹೋಗಿ, ಮನೆಮನೆಯ ಪೈಪು ಒಡೆದದ್ದು ನೆನಪಿದೆಯಾ ಅಂದರು. ಒಡೆದದ್ದನ್ನು ಸರಿಮಾಡಿದ್ದಾರೆ, ಕೆಲಸ ಚೆನ್ನಾಗಿದೆ. ಹಲಗೆ ಒಣಗಿದೆಯಾ ನೋಡೋಣ ಅಂತ ತೇವ ಅಳೆಯುವ ಮೀಟರ್ ಒತ್ತಿದರು. ಒಣಗಿತ್ತು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಯಾರೂ ಏನೂ ಹೇಳದೆ ಮುಚ್ಚಿಟ್ಟಿದ್ದ ಜಾಗ, ನನ್ನ ಅಂಗೈ ಕೆಳಗೆ ಇತ್ತು. ಆ ಕ್ಷಣ ಅದು ನಮ್ಮ ಮನೆ ಅನ್ನಿಸಿತು.

ಕೆಳಗೆ ಅಪ್ಪ ಸುತ್ತುಗೋಡೆಯ ಬುಡದಲ್ಲಿ ಕೆದರಿ, ಬಿಳಿ ಕಲ್ಲಿನ ಚೂರು ಎತ್ತಿ ಹಿಡಿದು ನಿಂತಿದ್ದರು. ಏನೂ ಹೇಳಲಿಲ್ಲ, ತಲೆ ಆಡಿಸಿದರು.

ವರದಿ ನೋಡಿ ಹೆದರಿಕೆಯಾಯಿತು. ಟೆಕ್ಸಸ್‌ನ ಫಾರಂನಲ್ಲಿ ಪ್ರತಿ ಬಾಬತ್ತಿನ ಮುಂದೆ ನಾಲ್ಕು ಚೌಕ ಇರುತ್ತವೆ. ನೋಡಿದೆ, ನೋಡಲಾಗಲಿಲ್ಲ, ಇಲ್ಲವೇ ಇಲ್ಲ, ಕೊರತೆ ಇದೆ. ಕೊರತೆಯ ಡಿ ಚೌಕದಲ್ಲಿ 31 ಗುರುತು ಬಿದ್ದಿದ್ದವು. ಇನ್‌ಸ್ಪೆಕ್ಟರ್ ನಮ್ಮನ್ನು ಕೂರಿಸಿಕೊಂಡು ಅದರಲ್ಲಿ ನಾಲ್ಕಕ್ಕೆ ಗೆರೆ ಎಳೆದರು. ಹದಿನೆಂಟು ವರ್ಷದ ಎಸಿ, ವಾಟರ್ ಹೀಟರ್‌ನ ಹೊಗೆ ಕೊಳವೆ, ಪ್ಯಾನೆಲ್‌ನಲ್ಲಿ ಒಂದು ತಂತಿ, ಮಳೆನೀರು ಗೋಡೆ ಕಡೆಗೇ ಹರಿಯುವ ಒಂದು ಮೂಲೆ. ಉಳಿದವು ಯಾವ ಮನೆಯಲ್ಲಾದರೂ ಇರುವಂಥವು ಅಂದರು. ಹೊಗೆ ಕೊಳವೆ ಮತ್ತು ತಂತಿ ಮಾರುವವರು ಸರಿಮಾಡಿಸಿದರು. ಎಸಿ ನಮ್ಮ ತಲೆಗೆ ಅಂತ ಗೊತ್ತಿದ್ದೇ ಒಪ್ಪಿದೆವು.

ಅಪ್ರೈಸಲ್ ಈ ಸಲ ಬೇರೆ ತರಹ ಆಯಿತು. ಒಂದು ಬುಧವಾರ ಲೋನ್ ಆಫೀಸರ್ ಫೋನ್ ಮಾಡಿ ಟೈಡ್‌ವಾಟರ್ ಬಂದಿದೆ ಅಂದರು. ವರ್ಜೀನಿಯಾದ ಟೈಡ್‌ವಾಟರ್ ಸೀಮೆಯಲ್ಲಿ ಶುರುವಾದ ಪದ್ಧತಿ, ಅದಕ್ಕೇ ಆ ಹೆಸರು. ಒಪ್ಪಿದ ರೇಟಿಗಿಂತ ಬೆಲೆ ಕಡಿಮೆ ಬರುವ ಹಾಗಿದೆ ಅನ್ನಿಸಿದರೆ ವಿಎ ಅಪ್ರೈಸರ್ ವರದಿ ಮುಗಿಸುವ ಮುಂಚೆ ತಿಳಿಸಬೇಕು. ಎಷ್ಟು ಕಡಿಮೆ ಅಂತ ಹೇಳುವುದಿಲ್ಲ. ನಮ್ಮ ಕಡೆಯವರಿಗೆ ಎರಡು ಕೆಲಸದ ದಿನ ಸಿಗುತ್ತದೆ, ಅಷ್ಟರಲ್ಲಿ ಸುತ್ತಮುತ್ತ ಮಾರಾಟವಾದ ಬೇರೆ ಮನೆಗಳ ಲೆಕ್ಕ ಕೊಡಬಹುದು. ಏಜೆಂಟ್ ರಾತ್ರಿ ಕೂತು ಮೂರು ಮನೆ ಹುಡುಕಿ ಕಳಿಸಿದರು. ಕೊನೆಗೆ 268 ಸಾವಿರಕ್ಕೆ ಮಾತಾಗಿದ್ದ ಮನೆಗೆ 264 ಸಾವಿರ ಬೆಲೆ ಬಂತು. ಇಲ್ಲಿ ಆ ರಕ್ಷಣೆಯ ಕಲಂ ಕೆಲಸಕ್ಕೆ ಬಂತು. ವ್ಯತ್ಯಾಸವನ್ನು ಕೈಯಿಂದ ಕೊಟ್ಟು ತಗೊಳ್ಳಬಹುದಿತ್ತು, ಬಿಡಲೂಬಹುದಿತ್ತು. ಮಾರುವವರೇ 264ಕ್ಕೆ ಇಳಿದರು. ಜಾಮೀನಿನ ಕಣ್ಣಿನಿಂದ ನಮಗೆ ನಾಲ್ಕು ಸಾವಿರ ಉಳಿಯಿತು. ಅದಕ್ಕೇ ಹೇಳಿದ್ದು, ಆ ಕಣ್ಣಿನ ಮೇಲೆ ನನಗೆ ಈಗ ಸಿಟ್ಟಿಲ್ಲ.

ಗೆಳತಿಗೆ ಫೋನಿನಲ್ಲಿ ಇಷ್ಟೆಲ್ಲಾ ಹೇಳಲು ಆಗಲಿಲ್ಲ. ಒಂದೇ ಪ್ರಶ್ನೆ ಕೇಳಿದೆ. ಮನೆ 35ರ ಯಾವ ಕಡೆ? ಪೂರ್ವಕ್ಕೆ ಅಂದಳು. ಆಪ್ಷನ್ ಇನ್ನೂ ಆರು ದಿನ ಇದೆ ಅಂದಳು. ನಮ್ಮ ಇನ್‌ಸ್ಪೆಕ್ಟರ್ ನಂಬರ್ ಕೊಟ್ಟೆ, ಅವತ್ತೇ ಮಾತಾಡಿದಳು. ಶನಿವಾರ ಬೆಳಿಗ್ಗೆ 9ಕ್ಕೆ ಬರುತ್ತೇನೆ ಅಂದರಂತೆ. ನಾನೂ ಬರ್ತೀನಿ ಅಂದೆ.

ಅಪ್ಪನಿಗೆ ವಿಷಯ ಹೇಳಿದರೆ, ನಾನೂ ನೋಡ್ತೀನಿ ಅಂದರು. ನಮಗೆ ಬೆಳಿಗ್ಗೆ 9 ಅಂದರೆ ಅಲ್ಲಿ ಸಂಜೆ ಏಳೂವರೆ, ಹೊಲದಿಂದ ಬಂದು ಕೈಕಾಲು ತೊಳೆದು ಕೂತಿರುತ್ತಾರೆ. "ಒಳಗಿಂದೇನ ತೋರಸಬ್ಯಾಡ ತಂಗಿ" ಅಂದರು. "ಫೋನ್ ಕೆಳಗ ಹಿಡದು ಮಣ್ಣ ತೋರಸು."